ಬೆಂಗಳೂರು-ಧಾರವಾಡದ ಹೆದ್ದಾರಿಯೂ ಪಥಿಕರ ಕ್ಷೇಮವೂ

ದಾರಿಯಲ್ಲಿ ನಡೆವವನಿಗೆ ನೆರಳನ್ನೂ ನೀರನ್ನೂ ತಂಗುವ ಎಡೆಯನ್ನೂ ಒದಗಿಸುವುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಧರ್ಮಕಾರ್ಯವೆಂದು ಎಣಿಸಲ್ಪಟ್ಟಿದೆ. ಸಾಲುಮರ, ಅರವಟ್ಟಿಗೆ, ಛತ್ರ, ಮಠದ ದಾಸೋಹ ಇವೆಲ್ಲವೂ ಪಥಿಕನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದವು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಲೋಕಹಿತಾರ್ಥವಾಗಿ ಕೆರೆಯನ್ನು ಕಟ್ಟಿಸಿದುದು ಭಕ್ತರೆಲ್ಲರಿಗೂ ತಿಳಿದ ವಿಷಯವು. ಕೆರೆಯನ್ನು ಕಟ್ಟುವುದು ಒಂದು ಕಾಯಕವಾದರೆ, ವರ್ಷವರ್ಷವೂ ಅದರ ಹೂಳೆತ್ತುವುದು ಮತ್ತೊಂದು ಕಾಯಕವು. ದಾರಿಯ ಸಂಗತಿಯೂ ಹಾಗೆಯೇ ಇರುತ್ತದೆ. ಇದಕ್ಕೆ ಬೆಂಗಳೂರು-ಧಾರವಾಡದ ಹೆದ್ದಾರಿಯ ಚರಿತ್ರೆಯೇ ಸಾಕ್ಷಿಯು.

ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಗಳ ಮೇಲೆ ಸಾಗುವ ಈ ದಾರಿಯು ಸುಮಾರು 430 ಕಿಲೋಮೀಟರುಗಳಷ್ಟು ಉದ್ದವಾದುದು. ಮೈಸೂರು ಸೀಮೆಯಲ್ಲಿ ರಸ್ತೆಗಳ ಕೆಲಸವು ಕ್ರಮವಾಗಿ ನಡೆದುದು 1834ರಿಂದ 1861ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ. ಅವರ ಆಡಳಿತವು ಮುಗಿಯುವ ವೇಳೆಗೆ ಸುಮಾರು 1600 ಮೈಲಿ ರಸ್ತೆಯೂ 300ಕ್ಕೆ ಮೇಲ್ಪಟ್ಟ ಸೇತುವೆಗಳೂ ಆಗಿದ್ದವು. 1856ರಲ್ಲಿ ಲೋಕೋಪಯೋಗಿ ಇಲಾಖೆಯು ಸ್ಥಾಪಿತವಾದುದರಿಂದ ರಸ್ತೆಗಳ ನಿರ್ಮಾಣಕ್ಕೂ ರಿಪೇರಿಗೂ ಅದಕ್ಕೆಂದೇ ಗೊತ್ತಾದ ಅಧಿಕಾರಿಗಳು ದೊರೆತರು.

ಆದರೂ ತುಂಗಭದ್ರೆಯು ಈ ದಾರಿಗೆ ದೊಡ್ಡ ಅಡ್ಡಿಯಾಗಿ ಉಳಿದಿತ್ತು. ಈಚೆಯ ಹರಿಹರವು ಮೈಸೂರಿಗೆ ಸೇರಿದ್ದರೆ ಆಚೆಯ ದಡವು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಮಳೆಗಾಲದಲ್ಲಿ ಹೊಳೆಯು ತುಂಬಿ ಹರಿಯುವಾಗ ಹರಿಗೋಲನ್ನು ನಂಬಿ ದಾಟುವವರ ಪಾಡು ಹೇಳತೀರದು. 1868ರಲ್ಲಿ ಇಲ್ಲಿ ಕಲ್ಲು ಇಟ್ಟಿಗೆಗಳ ಸೇತುವೆಯು ಪೂರ್ಣವಾಯಿತು. 60 ಅಡಿ ಅಗಲದ 14 ಕಮಾನುಗಳುಳ್ಳ ಈ ಸೇತುವೆಗೆ ಸುಮಾರು ಮೂರೂವರೆ ಲಕ್ಷ ರೂಪಾಯಿಗಳು ವೆಚ್ಚವಾದವು. ಎರಡು ಸರ್ಕಾರಗಳ ಎಲ್ಲೆಯಲ್ಲಿ ಬೇರೆಯಾಗಿದ್ದ ಕನ್ನಡಿಗರಿಗೆ ಅದು ವರ್ಷದ ಹನ್ನೆರಡು ತಿಂಗಳೂ ತೆರೆದ ಬಾಗಿಲಾಯಿತು.

1956ರಲ್ಲಿ ಕನ್ನಡ ಸೀಮೆಗಳು ಒಂದಾದಾಗ ಈ ದಾರಿಯ ಎರಡು ತುಂಡುಗಳೂ ಒಂದೇ ರಾಜ್ಯದೊಳಗಾದವು. ಅದೇ ವರ್ಷ ರಾಷ್ಟ್ರೀಯ ಹೆದ್ದಾರಿಗಳ ಶಾಸನವೂ ಆಯಿತು. ನಾಲ್ಕನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೆಂದು ಬಹುಕಾಲ ಪ್ರಸಿದ್ಧವಾಗಿದ್ದ ಇದು 2010ರ ಪುನರ್ವಿಂಗಡಣೆಯಲ್ಲಿ 48ನೆಯ ಸಂಖ್ಯೆಯನ್ನು ಪಡೆಯಿತು. ಗಾಡಿಗಳಿಗಾಗಿ ಹಾಸಿದ್ದ ಇಕ್ಕಟ್ಟಾದ ದಾರಿಯಲ್ಲಿಯೇ ಲಾರಿ ಬಸ್ಸುಗಳು ಎದುರುಬದುರಾಗಿ ಓಡತೊಡಗಿದುದರಿಂದ ಅಪಘಾತಗಳು ಹೆಚ್ಚಿದವು. ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಕೂಡಿಸುವ 5,846 ಕಿಲೋಮೀಟರುಗಳ ಸುವರ್ಣ ಚತುಷ್ಕೋನ ಯೋಜನೆಗೆ 1999ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಆ ಯೋಜನೆಯಲ್ಲಿ ಈ ದಾರಿಯು ನಾಲ್ಕು ಪಥಗಳುಳ್ಳದ್ದಾಗಿ, ಹೋಗುವ ವಾಹನಕ್ಕೂ ಬರುವ ವಾಹನಕ್ಕೂ ನಡುವೆ ವಿಭಾಜಕವು ಏರ್ಪಟ್ಟಿತು. ಮುಂದೆ ಅನೇಕ ಭಾಗಗಳು ಆರು ಪಥಗಳಾಗಿ ಅಗಲಿಸಲ್ಪಟ್ಟವು.

ಆದರೆ ಹುಬ್ಬಳ್ಳಿ-ಧಾರವಾಡಗಳ ಹೊರಗಣ ಬಳಸುದಾರಿಯು ಮಾತ್ರ ಎರಡೇ ಪಥಗಳದಾಗಿ, ನಡುವೆ ತಡೆಯಿಲ್ಲದೆ ಉಳಿಯಿತು. ಎರಡು ಕಡೆಯಿಂದಲೂ ವಿಶಾಲವಾದ ದಾರಿಯಲ್ಲಿ ವೇಗವಾಗಿ ಬಂದ ವಾಹನಗಳು ಇಲ್ಲಿ ಒಮ್ಮೆಗೇ ಇಕ್ಕಟ್ಟಿಗೆ ಸಿಲುಕುತ್ತಿದ್ದವು. 2021ರ ಜನವರಿ 15ರಂದು ಮುಂಜಾನೆ ಇಲ್ಲಿ ನಡೆದ ಅಪಘಾತದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ದಾವಣಗೆರೆಯಿಂದ ಒಟ್ಟಾಗಿ ಪ್ರವಾಸ ಹೊರಟಿದ್ದ ಮಹಿಳೆಯರು. ಈ ಭಾಗವನ್ನು ಅಗಲಿಸುವ ಕಾರ್ಯವು ಅನಂತರ ಕೈಗೊಳ್ಳಲ್ಪಟ್ಟಿತು. ದಾರಿಯ ಬಲವೆಂಬುದು ಅದರ ಅತ್ಯಂತ ದುರ್ಬಲವಾದ ಭಾಗದಷ್ಟೇ ಎಂಬ ಪಾಠವನ್ನು ನಾಡು ಬಹಳ ದುಃಖಪಟ್ಟು ಕಲಿಯಬೇಕಾಯಿತು.

ಹಾಗೆಂದು ಅಗಲವಾದ ದಾರಿಯೆಲ್ಲವೂ ಸುಕ್ಷೇಮವಾದುದೆಂದು ತಿಳಿಯಲಾಗದು. 2019, 2022, 2023 ಈ ಒಂದೊಂದು ವರ್ಷದಲ್ಲಿಯೂ ಕರ್ನಾಟಕದ ರಸ್ತೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜೀವಗಳು ಹೋದವು. ದಾರಿಯು ಅಗಲವಾದಂತೆ ವೇಗವೂ ಹೆಚ್ಚುತ್ತದೆ. ಹೊಲವು ಒಂದು ಬದಿಗೂ ಊರು ಮತ್ತೊಂದು ಬದಿಗೂ ಆದ ಹಳ್ಳಿಗರು ದನಕರುಗಳೊಡನೆ ಆ ವೇಗಕ್ಕೆ ಅಡ್ಡವಾಗಿಯೇ ದಾಟಬೇಕಾಗುತ್ತದೆ. ಅವರಿಗೆ ಕೆಳಸೇತುವೆಯೂ ಪಕ್ಕದ ಸೇವಾರಸ್ತೆಯೂ ಇಲ್ಲದಿದ್ದರೆ ಹೆದ್ದಾರಿಯು ಉಪಕಾರಕ್ಕಿಂತ ಹೆಚ್ಚಾಗಿ ಭಯವನ್ನೇ ತರುತ್ತದೆ. ಮೋರಿಯಲ್ಲಿ ಕಸ ಕಟ್ಟಿದರೆ ಮಳೆನೀರು ದಾರಿಯ ಮೇಲೆ ನಿಂತು, ತಳದ ಜಲ್ಲಿಗೆ ಇಳಿದು, ಗುಂಡಿಗಳಾಗುತ್ತವೆ. ಬಿಳಿಯ ಗೆರೆಗಳು ಅಳಿದರೆ ಇರುಳಿನಲ್ಲಿ ತಿರುವು ಕಾಣದು. ದೀಪವಿಲ್ಲದೆ ಬದಿಯಲ್ಲಿ ನಿಲ್ಲಿಸಿದ ಲಾರಿಯು ಹಿಂದೆ ಬರುವವನಿಗೆ ಮೃತ್ಯುವೇ ಆಗುತ್ತದೆ. ಇವೆಲ್ಲವೂ ಸಣ್ಣ ಕೆಲಸಗಳು. ಉದ್ಘಾಟನೆಯ ದಿನ ಇವುಗಳ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ಪಥಿಕನ ಪ್ರಾಣವು ನಿಂತಿರುವುದು ಇವುಗಳ ಮೇಲೆಯೇ.

ದಾರಿಯ ಪಾಲನೆಯು ಸರ್ಕಾರದ ಹೊಣೆಯು ನಿಜ. ದಾರಿಯಲ್ಲಿ ಬಿದ್ದವನ ಪಾಲನೆಯಾದರೋ ಎಲ್ಲರ ಹೊಣೆಯು. ಪೋಲೀಸು ಕೋರ್ಟುಗಳ ಅಲೆದಾಟಕ್ಕೆ ಅಂಜಿ ಜನರು ಗಾಯಾಳುಗಳನ್ನು ಮುಟ್ಟಲು ಹಿಂಜರಿಯುತ್ತಿದ್ದುದನ್ನು ಕಂಡು, ಹೀಗೆ ನೆರವಾದವರನ್ನು ರಕ್ಷಿಸುವುದಕ್ಕಾಗಿ ಕರ್ನಾಟಕವು 2016ರ ಶಾಸನವನ್ನು ರಚಿಸಿತು. 108ನೆಯ ಸಂಖ್ಯೆಗೆ ಕರೆಮಾಡಿದರೆ ಬರುವ ಆಂಬುಲೆನ್ಸಿನ ಏರ್ಪಾಡು ರಾಜ್ಯದಲ್ಲಿ 2008ರಲ್ಲಿಯೇ ಮೊದಲಾಗಿತ್ತು. ಭಯಕ್ಕೆ ಕಾರಣವಿಲ್ಲದಿರುವಾಗ ನೋಡಿಯೂ ನೋಡದಂತೆ ಸಾಗಿಹೋಗುವುದು ದಯೆಯೇ ಮೂಲವಾದ ಧರ್ಮಕ್ಕೆ ಒಪ್ಪುವುದಿಲ್ಲ.

ಜಾತ್ರೆಗೂ ಶಿವಾನುಭವಗೋಷ್ಠಿಗೂ ಬರುವ ಭಕ್ತರು ವಾಹನದಲ್ಲಿ ಮಿತಿಮೀರಿ ತುಂಬಿಕೊಳ್ಳದೆ, ನಿದ್ದೆಗೆಟ್ಟ ಚಾಲಕನನ್ನು ಅವಸರಪಡಿಸದೆ ಬರುವುದೂ ಶರಣರ ನಡೆಯೇ ಸರಿ. ಹಿಂದಿನವರು ಸಾಲುಮರವನ್ನು ನೆಟ್ಟರು. ಅಗಲಿಸುವ ಕೆಲಸದಲ್ಲಿ ಅವುಗಳಲ್ಲಿ ಬಹಳಷ್ಟು ಬಿದ್ದುಹೋದವು. ಆ ನೆರಳಿನ ಹಿಂದಿದ್ದ ಮನಸ್ಸು ಮಾತ್ರ ಬೀಳದಿರಲಿ. ಹೊರಟವರೆಲ್ಲರೂ ಸುಖವಾಗಿ ಮನೆ ಸೇರುವಂತೆ ಶ್ರೀಗುರುವು ಕೃಪೆಮಾಡಲಿ.