ಆಧಾರ್ ಜೆರಾಕ್ಸ್ ಸಿಕ್ಕರೆ ಬ್ಯಾಂಕ್ ಖಾತೆ ಖಾಲಿಯಾಗುತ್ತಾ?

‘ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ನಂಬರ್ ಸಿಕ್ಕರೆ ಖಾತೆ ಖಾಲಿ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಅರ್ಧ ಸತ್ಯ.

ಬರೀ ನಂಬರ್‌ನಿಂದ ಹಣ ತೆಗೆಯಲಾಗದು. ಆದರೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಪಿಂಚಣಿ ಹಣ ತೆಗೆಯುತ್ತಾರಲ್ಲ, ಆ ಎಇಪಿಎಸ್ ವ್ಯವಸ್ಥೆಗೆ ಬ್ಯಾಂಕಿನ ಹೆಸರು, ಆಧಾರ್ ನಂಬರ್ ಮತ್ತು ಬೆರಳಚ್ಚು ಸಾಕು. ಪಿನ್ ಬೇಡ, ಒಟಿಪಿಯೂ ಬೇಡ.

ಬೆರಳಚ್ಚು ಕಳ್ಳರಿಗೆ ಎಲ್ಲಿ ಸಿಗುತ್ತದೆ? 2023ರಲ್ಲಿ ಬೆಂಗಳೂರಿನಲ್ಲಿ ಇಂಥ ವಂಚನೆಗಳು ಬಯಲಾದಾಗ ಪೊಲೀಸರ ತನಿಖೆ ಹೋಗಿ ನಿಂತಿದ್ದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿದ್ದ ಕ್ರಯಪತ್ರಗಳ ಬಳಿ. ಆಧಾರ್ ನಂಬರ್, ಹೆಬ್ಬೆಟ್ಟಿನ ಗುರುತು ಎರಡೂ ಒಂದೇ ದಾಖಲೆಯಲ್ಲಿ! ಹೊಲ ಮಾರಿದವರಾಗಲಿ, ರಾಯಚೂರು ನಗರದಲ್ಲಿ ಸೈಟು ಕೊಂಡವರಾಗಲಿ, ಹೆಬ್ಬೆಟ್ಟು ಒತ್ತದೆ ನೋಂದಣಿ ಆಗುವುದೇ ಇಲ್ಲ. ಹಾಗಾಗಿ ‘ಜನ ಹುಷಾರಾಗಿರಬೇಕು’ ಎನ್ನುವ ಮೊದಲು ಡೇಟಾಬೇಸ್ ಇಟ್ಟವರನ್ನೇ ಕೇಳಬೇಕು ಎನ್ನುತ್ತೇವೆ ನಾವು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ: ಮಾಹಿತಿ ಇಟ್ಟುಕೊಂಡವರು ಅದನ್ನು ಕಾಪಾಡಬೇಕು, ಸೋರಿದರೆ ನಿಮಗೆ ತಿಳಿಸಬೇಕು. ಕಾಪಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಆದರೆ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಈ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಬೇರೆ.

ಅಲ್ಲಿಯವರೆಗೆ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಕೊಳ್ಳಿ. ರೇಷನ್‌ಗೆ ಹೆಬ್ಬೆಟ್ಟು ಒತ್ತುವ ಮುನ್ನ ತಾತ್ಕಾಲಿಕವಾಗಿ ತೆರೆಯಬೇಕು, ಇಲ್ಲದಿದ್ದರೆ ಮಷಿನ್ ಒಪ್ಪುವುದಿಲ್ಲ. ನೀವು ತೆಗೆಯದ ಹಣ ಕಡಿತವಾಗಿದೆ ಎಂಬ ಎಸ್ಸೆಮ್ಮೆಸ್ ಬಂದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಬರೆದು ಕೊಡಿ.