ತೇರಹಳ್ಳಿ ಬೆಟ್ಟದ ಹುಣ್ಣಿಮೆ ಹಾಡು

ಬಯಲಲ್ಲಿ ಕೂತು ಇರುಳು ಹಾಡು ಕೇಳುವುದು ಕೋಲಾರ ಸೀಮೆಗೆ ಹೊಸದಲ್ಲ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಮಠದ ಸಂಸ್ಕೃತದ ಪಕ್ಕಕ್ಕೆ ಕನ್ನಡದ ಹಾಡನ್ನು ತಂದು ಕೂರಿಸಿದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಅದೇ ಊರಿನ ಹೈದರ್ ವಲಿ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಇವೆರಡೂ ನಮ್ಮ ಸೌಹಾರ್ದ ಭಾಷಣಗಳಲ್ಲಿ ತಪ್ಪದೆ ಬರುವ ಹೆಸರುಗಳು. ಅಷ್ಟಾಗಿ ಬಾರದ ಮೂರನೆಯದೊಂದಿದೆ: ತಮಟೆ.

ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ಒಂದು ದಪ್ಪ ಕೋಲು, ಒಂದು ಸಣ್ಣ ಕಡ್ಡಿ, ಅಷ್ಟೇ ಸಲಕರಣೆ. ಆದರೆ ಅದನ್ನು ಬಾರಿಸುವುದು ಕಲೆ ಎನಿಸಿಕೊಂಡಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಊರಲ್ಲಿ ಹೆಣ ಬಿದ್ದರೆ ಕೇರಿಯವರು ಬಂದು ಬಡಿಯಲೇಬೇಕು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದಾಗ ಈ ವಾದ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆ ಎದ್ದದ್ದು ಇದಕ್ಕೇ. ಎಸೆಯಬೇಕೆಂದವರ ಮಾತಿನಲ್ಲೂ ನ್ಯಾಯವಿತ್ತು. ಸಾವಿಗೆ ಬಡಿಯುವುದನ್ನು ಅನೇಕರು ನಿಲ್ಲಿಸಿದರು. ಅದೇ ತಮಟೆ ಹೋರಾಟದ ಹಾಡುಗಳ ಮುಂದೆ ನಡೆಯಿತು. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ಕೋಲಾರದ್ದೇ ಆಗಿತ್ತು. ಅಲ್ಲಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಸರ್ಕಾರಕ್ಕೆ ಕಿವಿ ಕೇಳಿಸಲು ಇಷ್ಟು ಕಾಲ ಹಿಡಿಯಿತು!

ಆ ಚಳವಳಿಯ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕೋಲಾರದ ಅಂತರಗಂಗೆ ಬೆಟ್ಟಸಾಲಿನ ತೇರಹಳ್ಳಿಯಲ್ಲಿ 'ಆದಿಮ' ಕಟ್ಟಿದರು. ದಿನಕ್ಕೊಂದು ರೂಪಾಯಿಯಂತೆ ಕೂಡಿಟ್ಟ ಹಣದಿಂದ ಶುರುವಾದ ಕೇಂದ್ರವದು. ಹುಣ್ಣಿಮೆಯ ರಾತ್ರಿ ಬಂಡೆಗಳ ನಡುವೆ ಹಾಡು, ನಾಟಕ. ಅದಕ್ಕೆ 'ಹುಣ್ಣಿಮೆ ಹಾಡು' ಎಂದೇ ಹೆಸರು. ಇದನ್ನು ಬರಿಯ ಮನರಂಜನೆ ಎನ್ನುವವರು ಜಿಲ್ಲೆಯ ಇತಿಹಾಸ ನೋಡಬೇಕು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಇಂಥ ಜಿಲ್ಲೆಯಲ್ಲಿ ಎಲ್ಲ ಜಾತಿಯವರು ಒಂದೇ ಬಂಡೆಯ ಮೇಲೆ ಕೂತು ಹಾಡು ಕೇಳುವುದು ಸಣ್ಣ ಸಂಗತಿಯಲ್ಲ.

ಅಮೆರಿಕದ ಕರಿಯರ ಸೋಲ್ ಸಂಗೀತ ನಮಗೆ ಇಲ್ಲಿ ನೆನಪಾಗುತ್ತದೆ. ಗುಲಾಮರ ಸಂತತಿ ಚರ್ಚಿನಲ್ಲಿ ಹಾಡಿಕೊಂಡ ಹಾಡಿನಿಂದ ಹುಟ್ಟಿ ಬೀದಿಗೆ ಬಂದದ್ದು ಅದು. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಉದ್ಯಾನವೊಂದರಲ್ಲಿ ಆರು ಭಾನುವಾರ ಪುಕ್ಕಟೆ ಉತ್ಸವ ನಡೆಯಿತು. ಮಹಾಲಿಯಾ ಜಾಕ್ಸನ್, ನೀನಾ ಸಿಮೋನ್, ಸ್ಟೀವಿ ವಂಡರ್ ಹಾಡಿದರು; ಸುಮಾರು ಮೂರು ಲಕ್ಷ ಜನ ಕೇಳಿದರು. ಅದೇ ಬೇಸಿಗೆಯ ವುಡ್‌ಸ್ಟಾಕ್ ಜಗತ್ತಿಗೆಲ್ಲ ಗೊತ್ತು. ಹಾರ್ಲೆಮ್‌ನ ಚಿತ್ರಸುರುಳಿಗಳು ಮಾತ್ರ ಕೊಳ್ಳುವವರಿಲ್ಲದೆ ಸುಮಾರು ಐವತ್ತು ವರ್ಷ ನೆಲಮಾಳಿಗೆಯಲ್ಲಿ ಬಿದ್ದಿದ್ದವು. 'ಸಮ್ಮರ್ ಆಫ್ ಸೋಲ್' ಸಿನಿಮಾ ಆಗಿ ಹೊರಬಂದದ್ದು 2021ರಲ್ಲಿ, ಮರುವರ್ಷ ಆಸ್ಕರ್ ಬಂತು.

ಅವರಿಗೆ ಸುರುಳಿಯಾದರೂ ಇತ್ತು. ಮಾಲೂರು, ಶ್ರೀನಿವಾಸಪುರದ ಕೇರಿಗಳಲ್ಲಿ ಎಪ್ಪತ್ತರ ದಶಕದಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಹಾಡುಗಾರರು ಈಗ ಎಪ್ಪತ್ತು ದಾಟುತ್ತಿದ್ದಾರೆ. ಹತ್ತಿರದ ಕಾಲೇಜುಗಳ ಹುಡುಗರು ಒಂದು ಮೊಬೈಲ್ ಹಿಡಿದು ಅವರ ಜಗಲಿಗೆ ಹೋಗಿ ಕೂರಲು ಇದು ಸಮಯ.