ಕೌಂಡಿನ್ಯರಿಗೆ ಒದಗಿದ ಬೆಂಬಲ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅಲ್ಲಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಗದ್ದಲವೆದ್ದಿತು. ಆ ಕಾಲದಲ್ಲಿ ಮತಾಂತರವೆಂದರೆ ಮನೆಯ ಪಂಕ್ತಿ, ಜಾತಿಯ ನಂಟು ಎರಡೂ ಕಡಿದಂತೆ. ಆಗ ಅವರಿಗೆ ಒತ್ತಾಸೆಯಾಗಿ ನಿಂತವರು, ಹಿಂದಿನ ವರ್ಷ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದ್ದ ಮಿಷನ್‌ನ ಪಾದ್ರಿ, ಅವರ ಗುರು ಹರ್ಮನ್ ಮೋಗ್ಲಿಂಗ್. ಕೌಂಡಿನ್ಯರು ಗುರುವಿನ ಹೆಸರನ್ನೇ ಮುಂದಿಟ್ಟುಕೊಂಡು ಹರ್ಮನ್ ಆನಂದರಾವ್ ಆದರು. 1846ರಲ್ಲಿ ಮೋಗ್ಲಿಂಗ್ ಶಿಷ್ಯನನ್ನು ಬಾಸೆಲ್‌ಗೆ ಕರೆದೊಯ್ದರು. ಅಲ್ಲಿ ದೇವಶಾಸ್ತ್ರ ಕಲಿತು 1851ರಲ್ಲಿ ಗುರುದೀಕ್ಷೆ ಪಡೆದ ಕೌಂಡಿನ್ಯರು ಮಂಗಳೂರಿಗೆ ಮರಳಿ ಬೋಧಕರಾದರು. ಮುಂದೆ ಕೊಡಗಿನಲ್ಲಿ, ಕ್ರೈಸ್ತರಾದ ಹೊಲೆಯ ಕುಟುಂಬಗಳು ನೆಲೆಯೂರಿದ ಊರಿಗೆ ಅವರ ಹೆಸರಿನಿಂದಲೇ ಆನಂದಪುರವೆಂದು ಹೆಸರಾಯಿತು. ಗುರುವಿನಿಂದ ಪಡೆದ ಬೆಂಬಲ ಹೀಗೆ ಇತರರಿಗೂ ಆಸರೆಯಾಯಿತು.